ಹೊಡೆತ ಕಲ್ಲಿಗೇ ಹೋಗಬೇಕು: ಬ್ರೇಕರ್ ಹಾಕುವುದು, ನೋಡಿಕೊಳ್ಳುವುದು

ಚಿಕ್ಕಬಳ್ಳಾಪುರದ ಕಡೆ ಹಿಟಾಚಿ, ಜೆಸಿಬಿ ಓಡಿಸುವವರು ಮತ್ತು ಓನರ್‌ಗಳು ಒಂದು ಭಾನುವಾರ ಸೇರಿದ್ದರು. ಅಲ್ಲಿ ಬ್ರೇಕರ್ ಬಗ್ಗೆ, ಅಂದರೆ ಗಾಡಿಗೆ ಬಕೆಟ್ ಬದಲು ಹಾಕಿ ಬಂಡೆ ಒಡೆಯುವ ಮಷೀನಿನ ಬಗ್ಗೆ, ಒಂದು ಗಂಟೆ ಮಾತಾಡಿದ್ದೆ. ಕೆಲವರು ಬರೆದು ಕೊಡಿ ಎಂದು ಕೇಳಿದರು. ಆಡಿದ ಮಾತನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಕೊಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಗೋಣಿಚೀಲದ ಮೇಲೆ ಇಟ್ಟಿರುವುದನ್ನು ನೋಡಿ. ಇದು 140 ಎಂಎಂ ದಪ್ಪದ ಚಿಸೆಲ್, ಕಲ್ಲಿಗೆ ತಾಗುವ ಉಕ್ಕಿನ ಉಳಿ. 20 ಟನ್ ಹಿಟಾಚಿಗೆ ಹಾಕುವ ಬ್ರೇಕರಿನದು. ಇಡಿಯಾಗಿ ಇದ್ದಾಗ 150 ಕೆಜಿ ಹತ್ತಿರ ತೂಗುತ್ತಿತ್ತು. ಈಗ ಎರಡು ತುಂಡು. ಮುಂದಿನ ಸಾಲಿನವರು ಬಂದು ಮುರಿದ ಮುಖವನ್ನು ಮುಟ್ಟಿ ನೋಡಿ. ಇಲ್ಲಿ ಅಂಚಿನಲ್ಲಿ ಒಂದು ಗೀರು ಇದೆ, ಉಗುರು ಸಿಕ್ಕಿಕೊಳ್ಳುವಷ್ಟು. ಆ ಗೀರಿನಿಂದ ಶುರುವಾಗಿ ಗೆರೆಗಳು ಒಂದರ ಹಿಂದೆ ಒಂದು ಒಳಗೆ ಹೋಗಿವೆ. ಕಪ್ಪೆಚಿಪ್ಪಿನ ಮೇಲೆ ಇರುತ್ತದಲ್ಲ, ಥೇಟ್ ಹಾಗೆ. ಆ ಭಾಗ ನುಣ್ಣಗಿದೆ. ಉಳಿದ ಭಾಗ ಒಡೆದ ಬೆಲ್ಲದ ಅಚ್ಚಿನ ಹಾಗೆ ಒರಟು.

ಇದನ್ನು ತಂದ ಓನರ್, ‘ಅಣ್ಣಾ, ಮಾಲೇ ಸರಿಯಿಲ್ಲ, ನಿನ್ನೆ ಮಧ್ಯಾಹ್ನ ಪಟ್ ಅಂತ ಮುರಿದುಹೋಯ್ತು’ ಎಂದರು. ನಿನ್ನೆ ಮಧ್ಯಾಹ್ನ ಮುರಿದದ್ದು ಈ ಒರಟು ಭಾಗ ಮಾತ್ರ. ನುಣ್ಣಗಿರುವ ಭಾಗ ಎಷ್ಟೋ ದಿನಗಳಿಂದ ಕೂದಲೆಳೆಯಷ್ಟೇ ಬಿರಿಯುತ್ತಾ ಬಂದಿತ್ತು. ಗ್ರೀಸ್ ಇಲ್ಲದೆ ಬುಷ್ (ಚಿಸೆಲನ್ನು ಸುತ್ತ ಹಿಡಿದಿರುವ ಬಳೆ) ಮತ್ತು ಚಿಸೆಲ್ ಒಂದನ್ನೊಂದು ಕಚ್ಚಿಕೊಂಡಾಗ ಈ ಗೀರು ಬಿದ್ದಿದೆ. ಆಮೇಲೆ ಬಂಡೆಯ ಸಂದಿಗೆ ಚಿಸೆಲ್ ತೂರಿಸಿ ಹಾರೆ ಹಾಕಿದ ಹಾಗೆ ಮೀಟಿದ್ದಾರೆ. ಒಂದೊಂದು ಸಲ ಮೀಟಿದಾಗಲೂ ಗೀರು ಒಂದಿಷ್ಟು ಬಾಯಿ ಬಿಟ್ಟಿದೆ.

ಇವತ್ತು ನಾನು ಹೇಳುವುದೆಲ್ಲ ಒಂದೇ ವಿಷಯ. ಬ್ರೇಕರಿನ ಒಂದು ಹೊಡೆತ ಎಲ್ಲಿಗೆ ಹೋಗುತ್ತದೆ? ಕಲ್ಲಿಗೆ ಹೋದರೆ ನಿಮಗೆ ಬಾಡಿಗೆ. ಕಲ್ಲಿಗೆ ಹೋಗದ ಹೊಡೆತ ಸುಮ್ನೆ ಮಾಯವಾಗುವುದಿಲ್ಲ. ಅದು ವಾಪಸ್ ಬರುತ್ತದೆ. ಬೋಲ್ಟಿಗೆ, ಪಿನ್ನಿಗೆ, ಬೂಮಿನ (ಗಾಡಿಯ ದೊಡ್ಡ ತೋಳಿನ) ವೆಲ್ಡಿಂಗಿಗೆ, ಕೊನೆಗೆ ಸೀಟಿನಲ್ಲಿ ಕೂತವನ ಸೊಂಟಕ್ಕೆ.

ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಬ್ರೇಕರಿನ ಮೇಲ್ಭಾಗದಲ್ಲಿ ನೈಟ್ರೋಜನ್ ಗ್ಯಾಸ್ ತುಂಬಿರುತ್ತದೆ. ಆಯಿಲ್ ಪಿಸ್ಟನ್ನನ್ನು ಮೇಲೆ ತಳ್ಳುತ್ತದೆ, ಗ್ಯಾಸ್ ಅದುಮಿಕೊಳ್ಳುತ್ತದೆ. ವಾಲ್ವ್ ದಿಕ್ಕು ಬದಲಾಯಿಸಿದ ತಕ್ಷಣ ಆಯಿಲ್, ಗ್ಯಾಸ್ ಎರಡೂ ಸೇರಿ ಪಿಸ್ಟನ್ನನ್ನು ಕೆಳಗೆ ಒಗೆಯುತ್ತವೆ. ಪಿಸ್ಟನ್ ಹೋಗಿ ಚಿಸೆಲಿನ ನೆತ್ತಿಗೆ ಬಡಿಯುತ್ತದೆ. ಚಮ್ಮಟಿಗೆಯಿಂದ ಉಳಿಗೆ ಹೊಡೆದ ಹಾಗೆಯೇ. ನಿಮಿಷಕ್ಕೆ 400 ಹೊಡೆತ ಎಂದರೆ ಬಿಡದೆ ಹೊಡೆದರೆ ಗಂಟೆಗೆ 24,000. ಆಯಿಲ್ ಎಷ್ಟು ಬರುತ್ತದೆ ಎನ್ನುವುದರ ಮೇಲೆ ಹೊಡೆತದ ವೇಗ. ಎಷ್ಟು ಒತ್ತಡದಲ್ಲಿ ಬರುತ್ತದೆ ಎನ್ನುವುದರ ಮೇಲೆ ಹೊಡೆತದ ಬಲ. ಇವೆರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಿ.

ಈ ಮಷೀನು ಬಹಳ ಹಳೆಯದೇನಲ್ಲ. ಜರ್ಮನಿಯ ಕ್ರುಪ್ ಕಂಪನಿ 1963ರಲ್ಲಿ ಇದರ ಪೇಟೆಂಟ್ ಮಾಡಿತು. 1967ರಲ್ಲಿ ಹ್ಯಾನೋವರ್ ಮೇಳದಲ್ಲಿ ಎಚ್‌ಎಂ 400 ಎಂಬ ಬ್ರೇಕರನ್ನು ಜನರ ಮುಂದೆ ಇಟ್ಟಿತು. ಗಾಡಿಯ ತುದಿಗೆ ಕಟ್ಟಿ ಹೊಡೆಯುವ ಇವತ್ತಿನ ಬ್ರೇಕರುಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ನಮ್ಮ ಕಲ್ಲು ಮಾತ್ರ ಹಳೆಯದು. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ? ಸುಮಾರು 300 ಕೋಟಿ ವರ್ಷದ್ದು. ಬೆಂಗಳೂರಿನಲ್ಲಿ ಪಾಯ ತೆಗೆಯುವಾಗ ಸಿಗುವುದು ಹೆಚ್ಚಾಗಿ ಅದೇ ಜಾತಿಯ ಕಲ್ಲು. ಅಕ್ಕಪಕ್ಕ ಮನೆ ಇರುವ ಕಡೆ ಸಿಡಿಮದ್ದು ಇಡುವಂತಿಲ್ಲ. ಅಲ್ಲಿ ನಮ್ಮ ಬ್ರೇಕರೇ ಗತಿ.

ಈಗ ಹಾಕುವ ವಿಷಯ. ಬ್ರೇಕರಿನ ಆಯಸ್ಸು ಎಷ್ಟು ಎನ್ನುವುದು ಅದನ್ನು ಗಾಡಿಗೆ ಹಾಕಿದ ದಿನವೇ ಅರ್ಧ ತೀರ್ಮಾನವಾಗಿರುತ್ತದೆ ಎಂದು ನಾನು ನಂಬಿದ್ದೇನೆ.

ಗಾಡಿಗೆ ತಕ್ಕ ಬ್ರೇಕರ್ ಇರಬೇಕು. ದೊಡ್ಡದು ಹಾಕಿದರೆ ಕೆಲಸ ಜಾಸ್ತಿ ಆಗುತ್ತದೆ ಎಂದು ತಿಳಿದವರು ಇದ್ದಾರೆ. ಚಿಕ್ಕ ಗಾಡಿಗೆ ದೊಡ್ಡ ಬ್ರೇಕರ್ ಹಾಕಿದರೆ ಗಾಡಿ ಮುಂದಕ್ಕೆ ತೂಗುತ್ತದೆ, ಬೂಮ್ ಬಿರಿಯುತ್ತದೆ. ದೊಡ್ಡ ಗಾಡಿಗೆ ಚಿಕ್ಕದು ಹಾಕಿದರೆ ಗಾಡಿಯ ತೂಕವೇ ಬ್ರೇಕರನ್ನು ಅಮುಕಿ ಕೊಲ್ಲುತ್ತದೆ.

ಆಮೇಲೆ ಆಯಿಲ್. 20 ಟನ್ ಗಾಡಿಯಲ್ಲಿ ಸಾಮಾನ್ಯವಾಗಿ ಎರಡು ಪಂಪ್ ಇರುತ್ತವೆ. ಒಂದೊಂದು ನಿಮಿಷಕ್ಕೆ 200 ಲೀಟರಿನ ಮೇಲೆ ಕೊಡುತ್ತದೆ. ಅದರ ಬ್ರೇಕರಿಗೆ ಬೇಕಾಗಿರುವುದು 120ರಿಂದ 180 ಲೀಟರ್ ಅಷ್ಟೇ. ಎರಡೂ ಪಂಪಿನ ಆಯಿಲ್ ಬ್ರೇಕರ್ ಲೈನಿಗೆ ನುಗ್ಗಿದರೆ ಏನಾಗುತ್ತದೆ? ಟಕಟಕ ಎಂದು ಜೋರಾಗಿ ಹೊಡೆಯುತ್ತದೆ. ಡ್ರೈವರಿಗೆ ಖುಷಿಯೋ ಖುಷಿ. ಒಂದು ತಿಂಗಳಿಗೆ ಆಯಿಲ್ ಸೋರದಂತೆ ತಡೆಯುವ ಸೀಲ್ ಹೋಗುತ್ತದೆ. ಆದ್ದರಿಂದ ಹಾಕುವ ದಿನ ಫ್ಲೋ (ಆಯಿಲ್ ಹರಿವು) ಎಷ್ಟು ಎಂದು ಫ್ಲೋ ಮೀಟರ್ ಇಟ್ಟು ಅಳೆಯಲೇಬೇಕು. ಕಿವಿಯಲ್ಲಿ ಕೇಳಿ ಫ್ಲೋ ಹೇಳುತ್ತೇನೆ ಎನ್ನುವ ಮೆಕ್ಯಾನಿಕ್ ಬಂದರೆ ಟೀ ಕುಡಿಸಿ ಕಳಿಸಿ. ಒತ್ತಡ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್ ಒತ್ತಡವನ್ನೂ ಗೇಜ್ ಹಾಕಿಯೇ ಇಡಬೇಕು. ಬ್ರೇಕರ್ ಪುಸ್ತಕದಲ್ಲಿ ಅಂಕಿ ಇರುತ್ತದೆ, ಅದೇ ಕೊನೆಯ ಮಾತು.

ಹೊಡೆದ ಮೇಲೆ ವಾಪಸ್ ಹೋಗುವ ಆಯಿಲ್ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ರಿಟರ್ನ್ ಪೈಪ್ ಸಲೀಸಾಗಿ ಫಿಲ್ಟರ್ ಮೂಲಕ ಟ್ಯಾಂಕಿಗೆ ಹೋಗಬೇಕು. ಪೈಪ್ ಉಳಿಸಲು ಮೇನ್ ವಾಲ್ವ್ ಒಳಗಿಂದ ಸುತ್ತಿಸಿದರೆ ದಾರಿ ಇಕ್ಕಟ್ಟಾಗುತ್ತದೆ. ಆಯಿಲ್ ಹಿಂದಕ್ಕೆ ತಡೆಯುತ್ತದೆ, ಹೊಡೆತ ಮಂದವಾಗುತ್ತದೆ, ಟ್ಯಾಂಕ್ ಕಾದ ಹೆಂಚಾಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ದೇವನಹಳ್ಳಿ ಹತ್ತಿರ ಒಂದು ಸೈಟಿನಲ್ಲಿ ಬಕೆಟ್ ಬಿಚ್ಚಿ ಬ್ರೇಕರ್ ಹಾಕುತ್ತಿದ್ದೆ. ಹೋಸ್ ಬಿಚ್ಚಿ ನೆಲದ ಮೇಲೆ ಬಿಟ್ಟು ಊಟಕ್ಕೆ ಹೋದೆ. ಬಾಯಿಗೆ ಮುಚ್ಚಳ ಹಾಕಲಿಲ್ಲ. ಕ್ರಷರ್ ದೂಳು ಹಾರುವ ಜಾಗ. ಊಟ ಮಾಡಿ ಬಂದು ಹೋಸಿನ ಬಾಯಿ ಅಂಗಿಯಲ್ಲಿ ಒರೆಸಿ ಕಟ್ಟಿದೆ. ಮೂರನೇ ದಿನ ಬ್ರೇಕರ್ ಹೊಡೆಯುತ್ತಾ ಹೊಡೆಯುತ್ತಾ ನಿಂತಿತು. ಬಿಚ್ಚಿ ನೋಡಿದರೆ ಕನ್ನಡಿಯ ಹಾಗಿದ್ದ ಪಿಸ್ಟನ್ ಮೇಲೆ ಉದ್ದಕ್ಕೆ ನಾಲ್ಕು ಗೀರು. ಸಿಲಿಂಡರಿನ ಒಳಗೂ ಅವೇ ಗೀರು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರುವ ಜಾಗ ಕೂದಲಿಗಿಂತ ತೆಳು. ಅಲ್ಲಿಗೆ ಕಲ್ಲಿನ ದೂಳು ಹೋದರೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ. ಆ ಓನರ್ ನನ್ನನ್ನು ಬೈಯಲಿಲ್ಲ. ಆ ಪಿಸ್ಟನ್ನನ್ನು ನನ್ನ ಕೈಗೆ ಕೊಟ್ಟು, ‘ಇದನ್ನು ನೀನೇ ಇಟ್ಕೋ ತಮ್ಮಾ’ ಎಂದರು. ಅದು ಈಗಲೂ ನನ್ನ ವರ್ಕ್‌ಶಾಪಿನಲ್ಲಿ ಇದೆ. ಹೊಸ ಹುಡುಗರು ಬಂದರೆ ಮೊದಲು ಆ ಗೀರಿನ ಮೇಲೆ ಉಗುರು ಎಳೆಸುತ್ತೇನೆ.

ಹಾಗಾಗಿ ಹೋಸ್ ಬಿಚ್ಚಿದ ಕ್ಷಣವೇ ಮುಚ್ಚಳ ಹಾಕಿ. ಮುಚ್ಚಳ ಕಳೆದುಹೋಗಿದ್ದರೆ ಶುದ್ಧ ಪ್ಲಾಸ್ಟಿಕ್ ಕವರ್ ಸುತ್ತಿ ದಾರ ಕಟ್ಟಿ. ಬಿಚ್ಚುವ ಮುಂಚೆ ಇಂಜಿನ್ ಆರಿಸಿ, ಲಿವರ್ ಮತ್ತು ಪೆಡಲ್ ಎಲ್ಲ ಕಡೆ ಆಡಿಸಿ, ಟ್ಯಾಂಕಿನ ಒತ್ತಡ ಬಿಡಿ. ಬ್ರೇಕರನ್ನು ಸಮ ನೆಲದಲ್ಲಿ ಮರದ ದಿಮ್ಮಿಯ ಮೇಲೆ ಮಲಗಿಸಿ. ಪಿನ್ ತೂತು ಸರಿಯಾಗಿ ಕೂತಿದೆಯಾ ಎಂದು ನೋಡಲು ಬೆರಳು ಹಾಕಬೇಡಿ. ಆರ್ಮ್ ಒಂದು ಅಂಗುಲ ಜಾರಿದರೂ ಬೆರಳು ಹೋಯಿತು. ಕಣ್ಣಲ್ಲಿ ನೋಡಿ, ಬೇಕಿದ್ದರೆ ಕಡ್ಡಿ ಹಾಕಿ. ಪಿನ್ ಹೊಡೆಯುವಾಗ ನಡುವೆ ಹಿತ್ತಾಳೆ ತುಂಡು ಇಟ್ಟು ಹೊಡೆಯಿರಿ. ಉಕ್ಕಿನ ಮೇಲೆ ಉಕ್ಕು ಹೊಡೆದರೆ ಚೂರು ಸಿಡಿದು ಕಣ್ಣಿಗೆ ಬರುತ್ತದೆ.

ಹಾಕಿದ ತಕ್ಷಣ ಫುಲ್ ರೇಸ್ ಮಾಡಿ ಹೊಡೆಯಬೇಡಿ. ಮೊದಲು ಕಡಿಮೆ ರೇಸಿನಲ್ಲಿ, ಚಿಸೆಲ್ ಕಲ್ಲಿನ ಮೇಲೆ ಒತ್ತಿಟ್ಟುಕೊಂಡು, ಚಿಕ್ಕ ಚಿಕ್ಕ ಹೊಡೆತ. ಲೈನಿನ ಗಾಳಿ ಹೊರಗೆ ಹೋಗಲಿ. ಆಮೇಲೆ ಇಳಿದು ಎಲ್ಲಿಯಾದರೂ ಸೋರುತ್ತಿದೆಯಾ ನೋಡಿ. ಸೋರುವ ಜಾಗಕ್ಕೆ ಕೈ ಇಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿ ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ನನ್ನ ಜೊತೆ ಇದ್ದ ಒಬ್ಬ ಹೆಲ್ಪರಿಗೆ ಹೀಗಾಯಿತು. ಮೇಲೆ ನೋಡಿದರೆ ಇರುವೆ ಕಚ್ಚಿದಷ್ಟು ಗುರುತು. ‘ಏನೂ ಇಲ್ಲ ಬಿಡಣ್ಣ’ ಎಂದು ಕೆಲಸ ಮಾಡಿದ. ಮಾರನೇ ದಿನ ಬೆರಳು ಬದನೆಕಾಯಿ ಆಗಿತ್ತು. ಕೊನೆಗೆ ಆ ಬೆರಳಿನ ತುದಿ ತೆಗೆಯಬೇಕಾಯಿತು. ಹೀಗಾದರೆ ಗಾಯ ಎಷ್ಟೇ ಚಿಕ್ಕದಿರಲಿ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ, ಆಯಿಲ್ ಒಳಗೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಿ.

ಹೊಸ ಬ್ರೇಕರಿನ ಉದ್ದ ಬೋಲ್ಟುಗಳು ಮೊದಲ ದಿನಗಳಲ್ಲಿ ಸಡಿಲವಾಗುತ್ತವೆ. ದಿನಾ ನೋಡಿ. ಮೊದಲ 50 ಗಂಟೆ ಆದ ಮೇಲೆ ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ (ಬಿಗಿಯುವ ಬಲಕ್ಕೆ) ಮತ್ತೆ ಬಿಗಿ ಮಾಡಿಸಿ. ನಾಲ್ಕು ಬೋಲ್ಟನ್ನು ಎದುರುಬದುರಾಗಿ ಬಿಗಿಯಬೇಕು, ಸುತ್ತಲೂ ವರಸೆಯಾಗಿ ಅಲ್ಲ. ಒಂದು ಬೋಲ್ಟ್ ಸಡಿಲ ಇದ್ದರೆ ಉಳಿದ ಮೂರು ಅದರ ಭಾರ ಹೊತ್ತು ಮುರಿಯುತ್ತವೆ.

ಈಗ ಗ್ರೀಸ್. ಇದರ ಬಗ್ಗೆ ಎಷ್ಟು ಮಾತಾಡಿದರೂ ಸಾಲದು.

ಎರಡು ಗಂಟೆಗೊಮ್ಮೆ ಹೊಡೆಯಬೇಕು. ಚಿಸೆಲ್ ಒಣಗಿ ಹೊಳೆಯುತ್ತಿದ್ದರೆ ಇನ್ನೂ ಬೇಗ. ಅದಕ್ಕಿಂತ ಮುಖ್ಯ, ಹೇಗೆ ಹೊಡೆಯುತ್ತೀರಿ ಎನ್ನುವುದು. ಬಹಳ ಕಡೆ ಬ್ರೇಕರನ್ನು ಮಲಗಿಸಿ ಗ್ರೀಸ್ ಹೊಡೆಯುವುದನ್ನು ನೋಡಿದ್ದೇನೆ. ಹೆಲ್ಪರಿಗೆ ಸುಲಭ ಅಂತ. ಮಲಗಿಸಿದರೆ ಚಿಸೆಲ್ ಕೆಳಗೆ ಜಾರಿರುತ್ತದೆ. ಪಿಸ್ಟನ್ನಿಗೂ ಚಿಸೆಲಿಗೂ ನಡುವೆ ಖಾಲಿ ಜಾಗ ಇರುತ್ತದೆ. ಗ್ರೀಸೆಲ್ಲ ಆ ಖಾಲಿ ಜಾಗಕ್ಕೆ ಹೋಗಿ ತುಂಬುತ್ತದೆ. ಪಿಸ್ಟನ್ ಬಂದು ಆ ಗ್ರೀಸಿಗೆ ಬಡಿದಾಗ ಅದು ಮೇಲಕ್ಕೆ ಚಿಮ್ಮಿ ಸೀಲನ್ನು ಕಿತ್ತುಹಾಕುತ್ತದೆ. ಅತ್ತ ಬುಷ್ ಒಣಗಿದಂತೆಯೇ ಇರುತ್ತದೆ. ಗ್ರೀಸ್ ಹೊಡೆದೂ ಬ್ರೇಕರ್ ಕೆಡಿಸಿದ ಹಾಗಾಯಿತು.

ಸರಿಯಾದ ಕ್ರಮ ಇದು. ಬ್ರೇಕರನ್ನು ನೆಟ್ಟಗೆ ನಿಲ್ಲಿಸಿ. ಗಟ್ಟಿ ನೆಲದ ಮೇಲೆ ಚಿಸೆಲ್ ಊರಿ, ಬೂಮಿನಿಂದ ಒತ್ತಿ. ಚಿಸೆಲ್ ಪೂರ್ತಿ ಮೇಲೆ ಹೋಗಿ ಪಿಸ್ಟನ್ನಿಗೆ ತಾಗಿ ಕೂರಬೇಕು. ಇಂಜಿನ್ ಆರಿಸಿ. ಈಗ ಗನ್ ಹಾಕಿ ಪಂಪ್ ಮಾಡಿ. ಚಿಸೆಲಿನ ಸುತ್ತ ಕೆಳಗಡೆ ಹೊಸ ಗ್ರೀಸ್ ಬಳೆಯ ಹಾಗೆ ಹೊರಗೆ ಬರುವ ತನಕ ಹೊಡೆಯಿರಿ. ಹೊರಗೆ ಬಂದ ಹಳೆ ಗ್ರೀಸನ್ನು ಬೆರಳಿನಲ್ಲಿ ತಿಕ್ಕಿ ನೋಡುವುದು ನನ್ನ ಅಭ್ಯಾಸ. ಮರಳಿನ ಹಾಗೆ ಚುಚ್ಚಿದರೆ ದೂಳು ಒಳಗೆ ಹೋಗಿದೆ. ಮಿನುಗುವ ಚೂರು ಕಂಡರೆ ಬುಷ್ ತಿನ್ನುತ್ತಿದೆ.

ಗಾಡಿಯ ಬೇರೆ ಪಿನ್ನುಗಳಿಗೆ ಹಾಕುವ ಗ್ರೀಸ್ ಇಲ್ಲಿ ಬಿಸಿಗೆ ನೀರಾಗಿ ಇಳಿದುಹೋಗುತ್ತದೆ. ತಾಮ್ರ, ಗ್ರಾಫೈಟ್ ಪುಡಿ ಸೇರಿಸಿದ ಚಿಸೆಲ್ ಪೇಸ್ಟ್ ಸಿಗುತ್ತದೆ. ಬೆಲೆ ಜಾಸ್ತಿ, ನಿಜ. ಬುಷ್ ಬೆಲೆ ಕೇಳಿ ನೋಡಿ, ಆಮೇಲೆ ಅದು ಜಾಸ್ತಿ ಅನ್ನಿಸುವುದಿಲ್ಲ. ವಾರಕ್ಕೊಮ್ಮೆ ಚಿಸೆಲ್ ತೆಗೆದು, ಪಿನ್ ಬಡಿದು ಎದ್ದಿರುವ ಅಂಚನ್ನು ಗ್ರೈಂಡರಿನಲ್ಲಿ ನುಣ್ಣಗೆ ಮಾಡಿ, ಅರ್ಧ ಸುತ್ತು ತಿರುಗಿಸಿ ಹಾಕಿ. ಬುಷ್ ಎಷ್ಟು ಸವೆದಿದೆ ಎಂದೂ ಆಗಲೇ ಅಳೆಯಿರಿ. ಪುಸ್ತಕದಲ್ಲಿ ಕೊಟ್ಟ ಮಿತಿ ದಾಟಿದ್ದರೆ ಬದಲಿಸಿ. ಸಡಿಲ ಬುಷ್ ಇದ್ದರೆ ಚಿಸೆಲ್ ಓರೆಯಾಗಿ ನಿಲ್ಲುತ್ತದೆ. ಪಿಸ್ಟನ್ ಅದರ ನೆತ್ತಿಯ ಮಧ್ಯಕ್ಕೆ ಹೊಡೆಯುವ ಬದಲು ಅಂಚಿಗೆ ಹೊಡೆಯುತ್ತದೆ. ಒಂದು ಬುಷ್ ಉಳಿಸಲು ಹೋಗಿ ಪಿಸ್ಟನ್ ಕಳೆದುಕೊಂಡವರು ಈ ಸಭೆಯಲ್ಲೇ ಇದ್ದಾರೆ.

ಹೊಡೆಯುವ ರೀತಿಗೆ ಬರೋಣ. ನೀವೆಲ್ಲ ಅನುಭವ ಇರುವವರು, ಚುಟುಕಾಗಿ ಹೇಳುತ್ತೇನೆ.

ಚಿಸೆಲ್ ಕಲ್ಲಿಗೆ ನೇರವಾಗಿ ಕೂರಬೇಕು. ಮೊದಲು ಒತ್ತಿ, ಆಮೇಲೆ ಪೆಡಲ್. ಮುಂದಿನ ಟ್ರ್ಯಾಕ್ ಒಂದು ಚೂರು ಹಗುರಾದರೆ ಸಾಕು, ಗಾಡಿಯನ್ನೇ ಎತ್ತಬೇಡಿ. ಕಲ್ಲು ಒಡೆದ ಕ್ಷಣ ಕಾಲು ತೆಗೆಯಿರಿ. ಕೆಳಗೆ ಕಲ್ಲಿಲ್ಲದೆ ಹೊಡೆಯುವ ಖಾಲಿ ಹೊಡೆತ ಇದೆಯಲ್ಲ, ಅದು ಪೂರ್ತಿಯಾಗಿ ಚಿಸೆಲ್ ತಡೆಯುವ ಪಿನ್ನಿಗೆ ಬೀಳುತ್ತದೆ. ಅದರ ಸದ್ದೇ ಬೇರೆ. ಗಟ್ಟಿ ಕಲ್ಲಿನ ಮೇಲೆ ‘ಧಬ್ ಧಬ್’ ಎನ್ನುವುದು ಖಾಲಿಯಲ್ಲಿ ‘ಠಣ್ ಠಣ್’ ಎನ್ನುತ್ತದೆ. ಈ ವ್ಯತ್ಯಾಸ ಕೇಳಿ ಅರ್ಧ ಕ್ಷಣದಲ್ಲಿ ಕಾಲು ತೆಗೆಯುವ ಡ್ರೈವರ್ ನಿಮ್ಮ ಹತ್ತಿರ ಇದ್ದರೆ ಅವನನ್ನು ಬಿಡಬೇಡಿ. ಸಂಬಳ ಜಾಸ್ತಿ ಮಾಡಿ ಇಟ್ಟುಕೊಳ್ಳಿ.

ಒಂದೇ ಜಾಗದಲ್ಲಿ 15–20 ಸೆಕೆಂಡ್ ಹೊಡೆದೂ ಒಡೆಯದಿದ್ದರೆ ಜಾಗ ಬದಲಿಸಿ. ಇನ್ನೂ ಹೊಡೆಯುತ್ತಿದ್ದರೆ ಮೊನೆ ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಆಯಿತು ಎಂದರೆ ಹದ ಹೋಯಿತು, ಇನ್ನು ಅದು ಅಣಬೆಯ ಹಾಗೆ ಅರಳುತ್ತದೆ. ಬಂಡೆಯ ನಡುವೆ ಹೊಡೆಯಬೇಡಿ, ಅಂಚಿನಿಂದ ಬನ್ನಿ. ಬೆಂಗಳೂರು ಕಡೆಯ ಕಲ್ಲಿನಲ್ಲಿ ಬಿಳಿ, ಕಪ್ಪು ಪಟ್ಟೆ ಕಾಣುತ್ತದಲ್ಲ, ಆ ಪಟ್ಟೆಯ ಗುಂಟ ಒಡೆದರೆ ಮಾತು ಕೇಳುತ್ತದೆ, ಅಡ್ಡ ಹೊಡೆದರೆ ಹಟ ಮಾಡುತ್ತದೆ. ಕಲ್ಲು ಕಡಿಯುವ ಹಿರಿಯರು ಉಳಿ ಇಡುವ ಮುಂಚೆ ಬಂಡೆಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಅದನ್ನು ನೀವೂ ಮಾಡಿ. ಮೀಟಬೇಡಿ, ಬ್ರೇಕರಿನಿಂದ ಕಲ್ಲು ತಳ್ಳಬೇಡಿ, ಗಾಡಿಯ ತೋಳಿನ ಸಿಲಿಂಡರನ್ನು ಕೊನೆಯ ತನಕ ಚಾಚಿ ಹೊಡೆಯಬೇಡಿ. ಕಿವಿಗೆ ಮುಚ್ಚಳ, ಮುಂದೆ ಗಾಜಿಗೆ ಜಾಲರಿ ಇರಲಿ. ಕಲ್ಲಿಗೆ ನೀರು ಚಿಮುಕಿಸಿ. ಆ ದೂಳು ಎದೆಯಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ.

ಗ್ಯಾಸಿನ ಬಗ್ಗೆ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ನೈಟ್ರೋಜನ್ ಬಿಟ್ಟು ಬೇರೇನನ್ನೂ ತುಂಬಬೇಡಿ. ಪಕ್ಕದಲ್ಲಿ ವೆಲ್ಡಿಂಗಿನವರ ಆಕ್ಸಿಜನ್ ಸಿಲಿಂಡರ್ ಇದೆ, ಸದ್ಯಕ್ಕೆ ಅದೇ ಆಗಲಿ ಎಂದರೆ ಮುಗಿಯಿತು. ಒತ್ತಡದ ಆಕ್ಸಿಜನ್ ಆಯಿಲಿಗೆ ತಾಗಿದರೆ ಸಿಡಿಯುತ್ತದೆ. ನೈಟ್ರೋಜನ್ ಸಿಲಿಂಡರಿಗೆ ಬೂದು ಮೈ, ಕಪ್ಪು ಕುತ್ತಿಗೆ. ಆಕ್ಸಿಜನ್ನಿಗೆ ಕಪ್ಪು ಮೈ. ಬಣ್ಣ ನೋಡಿ, ಬರಹವನ್ನೂ ಓದಿ. ಗ್ಯಾಸ್ ಬಿಡದೆ ಬ್ರೇಕರಿನ ತಲೆ ಬಿಚ್ಚಲು ಹೋಗಬೇಡಿ. ಹೊಡೆತ ಮಂದವಾದರೆ ಗ್ಯಾಸ್ ಇಳಿದಿರಬಹುದು, ಗೇಜ್ ಹಾಕಿ ನೋಡಿ. ಹೋಸ್ ಪೈಪುಗಳು ಹಾವಿನ ಹಾಗೆ ಕುಣಿಯುತ್ತಿದ್ದರೆ ಅಕ್ಯುಮುಲೇಟರಿನ (ಆಯಿಲ್ ಒತ್ತಡದ ಏರಿಳಿತ ತಡೆಯುವ ಗ್ಯಾಸ್ ಡಬ್ಬಿಯ) ಡಯಾಫ್ರಮ್, ಅಂದರೆ ಒಳಗಿನ ರಬ್ಬರ್ ಪರದೆ, ಹರಿದಿರುವ ಸಾಧ್ಯತೆ ಜಾಸ್ತಿ. ಹಾಗೇ ಓಡಿಸಿದರೆ ಆ ಕುಣಿತ ಪಂಪಿನ ತನಕ ಹೋಗುತ್ತದೆ.

ಬಕೆಟ್ ಕೆಲಸದ ಲೆಕ್ಕದಲ್ಲಿ ಬ್ರೇಕರ್ ಗಾಡಿಯ ಆಯಿಲ್ ಬದಲಿಸಬೇಡಿ. ಪೂರ್ತಿ ಬ್ರೇಕರ್ ಕೆಲಸವೇ ಆದರೆ 600 ಗಂಟೆಗೆ ಹೈಡ್ರಾಲಿಕ್ ಆಯಿಲ್, 100 ಗಂಟೆಗೆ ಫಿಲ್ಟರ್ ಎಂದು ಕೆಲವು ಕಂಪನಿಗಳ ಪುಸ್ತಕದಲ್ಲೇ ಇದೆ. ನಿಮ್ಮ ಗಾಡಿಯ ಪುಸ್ತಕ ತೆರೆದು ನೋಡಿ. ಆಯಿಲ್ ಬಿಸಿ 80 ಡಿಗ್ರಿ ದಾಟಿದರೆ ನಿಲ್ಲಿಸಿ, ಆರಲು ಬಿಡಿ.

ಮಳೆಗಾಲದಲ್ಲಿ ಕೆಲಸವಿಲ್ಲದೆ ಬ್ರೇಕರ್ ಮೂಲೆಗೆ ಹಾಕುವವರು ಚಿಸೆಲ್ ತೆಗೆದು, ಪಿಸ್ಟನ್ ಪೂರ್ತಿ ಒಳಗೆ ತಳ್ಳಿಸಿ, ಅದರ ಮುಖಕ್ಕೆ ಗ್ರೀಸ್ ಬಳಿದು, ಟಾರ್ಪಾಲ್ ಮುಚ್ಚಿ ಇಡಿ. ಹೊರಗೆ ಚಾಚಿದ ಪಿಸ್ಟನ್ ತುಕ್ಕು ಹಿಡಿದರೆ ಮೊದಲ ದಿನವೇ ಸೀಲ್ ತಿಂದುಹಾಕುತ್ತದೆ.

ಕೊನೆಗೆ ಪ್ರಶ್ನೆ ಕೇಳಿದರು. ಮೂರನ್ನು ಬರೆಯುತ್ತೇನೆ.

ಒಬ್ಬ ಓನರ್ ಕೇಳಿದರು: ‘ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿದರೆ ಪಾರ್ಟಿ ಬಾಡಿಗೆ ಕಟ್ ಮಾಡ್ತಾರೆ ಅಲ್ವಾ?’

ಒಂದು ಸಲಕ್ಕೆ ಐದು ನಿಮಿಷ. ದಿನಕ್ಕೆ ನಾಲ್ಕು ಸಲ, ಒಟ್ಟು 20 ನಿಮಿಷ. ಚಿಸೆಲ್ ಬುಷ್‌ನಲ್ಲಿ ಕಚ್ಚಿಕೊಂಡರೆ ಬಿಡಿಸಲು ಒಂದು ದಿನ ಬೇಕು. ಬಾಡಿಗೆ ಮಾತಾಡುವಾಗಲೇ ಗ್ರೀಸ್ ಸಮಯ ನಮ್ಮದು ಎಂದು ಹೇಳಿಬಿಡಿ. ಇದನ್ನು ಡ್ರೈವರ್ ಬಾಯಲ್ಲಿ ಹೇಳಿಸಬೇಡಿ, ನೀವೇ ಹೇಳಿ. ಸೈಟ್ ಎಂಜಿನಿಯರ್ ಕೂಗಾಡುವಾಗ ಡ್ರೈವರಿಗೆ ಗಾಡಿ ನಿಲ್ಲಿಸುವ ಧೈರ್ಯ ಬರಬೇಕಾದರೆ ಬೆನ್ನ ಹಿಂದೆ ಓನರ್ ಇರಬೇಕು.

ಐಟಿಐ ಓದುತ್ತಿರುವ ಒಬ್ಬ ಹುಡುಗ: ‘ಅಣ್ಣಾ, ಮೊಂಡಾದ ಚಿಸೆಲನ್ನು ಗ್ಯಾಸ್ ಕಟಿಂಗ್‌ನಲ್ಲಿ ಮೊನೆ ಮಾಡಬಹುದಾ?’

ಬೇಡ. ಆ ಬೆಂಕಿಗೆ ಹದ ಪೂರ್ತಿ ಹೋಗುತ್ತದೆ. ಮಾಡಿಸಲೇಬೇಕು ಎಂದರೆ ನೀರು ಹರಿಸುತ್ತಾ ಮಷೀನಿನಲ್ಲಿ ಕೊರೆಸಿ. ಇನ್ನೊಂದು ವಿಷಯ, ದೊಡ್ಡ ಗುಂಡುಕಲ್ಲಿಗೆ ಚೂಪು ಬೇಕಾಗಿಯೇ ಇಲ್ಲ. ಮೊಂಡು ಚಿಸೆಲ್ ಅಂತಲೇ ಕಂಪನಿಯವರು ಮಾಡಿ ಮಾರುತ್ತಾರೆ. ಅದು ಕಲ್ಲಿನ ಮೇಲೆ ಅಗಲವಾಗಿ ಕೂತು ಹೊಡೆತವನ್ನು ಪೂರ್ತಿ ಒಳಗೆ ಇಳಿಸುತ್ತದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಒಬ್ಬರು, ಅವರದೂ ಎರಡು ಗಾಡಿ ಇದೆ, ಕೇಳಿದರು: ‘ಸೆಕೆಂಡ್ ಹ್ಯಾಂಡ್ ಬ್ರೇಕರ್ ತಗೊಳ್ಳುವಾಗ ಏನು ನೋಡಬೇಕು?’

ಹೊಸ ಪೇಂಟ್ ನೋಡಬೇಡಿ ಅಕ್ಕಾ. ಚಿಸೆಲ್ ತೆಗೆಸಿ. ಕೆಳಗಿನಿಂದ ಟಾರ್ಚ್ ಹಾಕಿ ಪಿಸ್ಟನ್ನಿನ ಮುಖ ನೋಡಿ. ಅಂಚು ಚೂರು ಎದ್ದಿದೆಯಾ, ನಡುವೆ ಕುಳಿ ಬಿದ್ದಿದೆಯಾ, ಆಯಿಲ್ ಜಿನುಗಿದೆಯಾ ನೋಡಿ. ಬುಷ್ ಒಳಗೆ ಬೆರಳು ಆಡಿಸಿ, ಒಂದು ಕಡೆ ಜಾಸ್ತಿ ಸವೆದಿದ್ದರೆ ಮೀಟಿ ಮೀಟಿ ಓಡಿಸಿದ್ದಾರೆ. ಉದ್ದ ಬೋಲ್ಟಿನ ತಲೆಗೆ ವೆಲ್ಡಿಂಗ್ ಗುರುತು ಇದ್ದರೆ ಒಳಗೆ ಮುರಿದ ಕಥೆ ಇದೆ. ಆಮೇಲೆ ಗಾಡಿಗೆ ಹಾಕಿಸಿ, ನಿಮ್ಮ ಡ್ರೈವರಿನಿಂದಲೇ ಗಟ್ಟಿ ಕಲ್ಲಿನ ಮೇಲೆ ಅರ್ಧ ಗಂಟೆ ಹೊಡೆಸಿ. ಚಿಸೆಲ್ ತೆಗೆಯಲು ಒಪ್ಪದಿದ್ದರೆ ಆ ವ್ಯಾಪಾರ ಬಿಟ್ಟು ಎದ್ದು ಬನ್ನಿ.

ಹೊರಗೆ ನಿಂತಿರುವ ಗಾಡಿಯವರು ಬ್ರೇಕರ್ ಬಿಚ್ಚಲು ಒಪ್ಪಿದ್ದಾರೆ. ಟಾರ್ಚ್ ನನ್ನ ಹತ್ತಿರ ಇದೆ. ಬನ್ನಿ, ಪಿಸ್ಟನ್ ಮುಖ ಹೇಗಿರಬೇಕು ಎಂದು ತೋರಿಸುತ್ತೇನೆ.